ಪತ್ತೇದಾರಿ ಕಥೆಗಳ ‘ದಿಟ್ಟ’ ನಾಯಕಿಯರು

ಮಾನ್ಯ ಸಂಪಾದಕರೆ,

ಪತ್ತೇದಾರಿ ಮತ್ತು ಅಪರಾಧ ಕಾದಂಬರಿಗಳ ವಿಮರ್ಶೆಗಳಲ್ಲಿ ‘ದಿಟ್ಟ ಮಹಿಳಾ ಪಾತ್ರ’ ಎಂಬ ಹೊಗಳಿಕೆ ಧಾರಾಳವಾಗಿ ಕಾಣುತ್ತದೆ. ಅದನ್ನು ನಂಬಿ ಪುಸ್ತಕ ತೆರೆದರೆ ಬಹಳಷ್ಟು ಕಡೆ ಸಿಗುವುದು ಒಂದೇ ಅಚ್ಚಿನ ನಾಯಕಿ. ಮೊದಲ ಅಧ್ಯಾಯದಲ್ಲಿ ಇಬ್ಬರು ರೌಡಿಗಳನ್ನು ಹೊಡೆದುರುಳಿಸಿ, ಮೇಲಧಿಕಾರಿಗೆ ಎದುರುತ್ತರ ಕೊಟ್ಟವಳು, ಕೊನೆಯ ಅಧ್ಯಾಯದ ಹೊತ್ತಿಗೆ ಕೊಲೆಗಾರನ ಗೋದಾಮಿನಲ್ಲಿ ಕೈಕಾಲು ಕಟ್ಟಿಸಿಕೊಂಡು, ಸಹೋದ್ಯೋಗಿ ಬಂದು ಬಿಡಿಸುವುದನ್ನೇ ಕಾಯುತ್ತಿರುತ್ತಾಳೆ. ನಡುವೆ ತನಿಖೆ ತಿರುವು ಪಡೆದ ಕಡೆಗಳಲ್ಲೆಲ್ಲ ಅವಳು ಹಾಜರಿರುತ್ತಾಳೆ, ಆದರೆ ಒಂದು ತಿರುವಿಗೂ ಅವಳು ಕಾರಣಳಲ್ಲ.

ಹೊಡೆದಾಟ ಬೇಡವೆನ್ನುವ ಲೇಖಕರು ಹಿಡಿಯುವ ಸುಲಭದ ದಾರಿಯೆಂದರೆ ‘ಹೆಣ್ಣಿನ ಆರನೆಯ ಇಂದ್ರಿಯ’. ಶಂಕಿತನ ಮುಖ ನೋಡಿದ ಕೂಡಲೇ ಅವಳಿಗೆ ಏನೋ ಅನ್ನಿಸುತ್ತದೆ, ಅನ್ನಿಸಿದ್ದೇ ನಿಜವಾಗುತ್ತದೆ. ಗೌರವದಂತೆ ತೋರುವ ಈ ಕ್ರಮ ಅವಳ ಬುದ್ಧಿಯನ್ನೇ ಲೆಕ್ಕದಿಂದ ಕೈಬಿಡುತ್ತದೆ, ಸುಳಿವುಗಳನ್ನು ಹಿಂಬಾಲಿಸುತ್ತ ಬಂದ ಓದುಗರಿಗೂ ಮೋಸ ಮಾಡುತ್ತದೆ. ಪತ್ತೇದಾರಿ ಕಥೆಯ ನಿಯಮಗಳನ್ನು 1929ರಲ್ಲಿ ಪಟ್ಟಿ ಮಾಡಿದ ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್, ಕಾರಣ ಹೇಳಲಾಗದ ಒಳಅರಿವು ಪತ್ತೇದಾರನ ನೆರವಿಗೆ ಬರಕೂಡದೆಂದು ವಿಧಿಸಿದ್ದರು. ಮರುವರ್ಷವೇ ಅಗಾಥಾ ಕ್ರಿಸ್ಟಿಯವರ ಪತ್ತೇದಾರಿಣಿ ಮಿಸ್ ಮಾರ್ಪಲ್ ಮೊದಲ ಬಾರಿಗೆ ಕಾದಂಬರಿಯೊಂದರಲ್ಲಿ ಕಾಣಿಸಿಕೊಂಡಳು. ಆ ಅವಿವಾಹಿತ ವೃದ್ಧೆಗೆ ಪಿಸ್ತೂಲೂ ಇಲ್ಲ, ಅಧಿಕಾರವೂ ಇಲ್ಲ. ತನ್ನ ಹಳ್ಳಿಯಲ್ಲಿ ಕಂಡ ಜನರ ನಡತೆಯನ್ನು ಕಣ್ಣೆದುರಿನ ಶಂಕಿತರ ನಡತೆಯೊಂದಿಗೆ ಹೋಲಿಸಿ ಅವಳು ತೀರ್ಮಾನಕ್ಕೆ ಬರುತ್ತಾಳೆ, ಮತ್ತು ಆ ಹೋಲಿಕೆಯನ್ನು ನಮ್ಮೆದುರು ಬಿಡಿಸಿಯೂ ಇಡುತ್ತಾಳೆ. 1982ರಲ್ಲಿ ಅಮೆರಿಕದ ಲೇಖಕಿಯರಾದ ಸಾರಾ ಪ್ಯಾರೆಟ್ಸ್ಕಿ ಮತ್ತು ಸೂ ಗ್ರಾಫ್ಟನ್ ಸೃಷ್ಟಿಸಿದ ಖಾಸಗಿ ಪತ್ತೇದಾರಿಣಿಯರು ಏಟು ತಿನ್ನುತ್ತಾರೆ, ಕೊಡುತ್ತಾರೆ ಕೂಡ. ಆದರೂ ತನಿಖೆಯನ್ನು ಮುಂದೊಯ್ಯುವುದು ಅವರ ಹಟ ಮತ್ತು ತಿರುಗಾಟ. ಹಾಗಾಗಿ ನನ್ನ ತಕರಾರು ಹೊಡೆದಾಟದ ಮೇಲಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಕೊಲೆಯಾದ ಹೆಂಗಸಿನ ಮನೆಯಲ್ಲಿ ಮಹಜರು ನಡೆಯುತ್ತಿದೆ. ಮಲಗುವ ಕೋಣೆಯ ಬಾಗಿಲಿಗೆ ಹೊರಗಿನಿಂದ ಒಂದು ಚಿಲಕವಿದೆ. ಬಾಗಿಲಿನ ಬಣ್ಣ ಹಳೆಯದು, ಚಿಲಕದ ಸ್ಕ್ರೂಗಳು ಹೊಸವು. ಎಲ್ಲರೂ ಅದನ್ನು ದಾಟಿ ಒಳಗೆ ಹೋಗುತ್ತಾರೆ. ಮಹಿಳಾ ಇನ್‌ಸ್ಪೆಕ್ಟರ್ ಮಾತ್ರ ನಿಂತು, ಇದನ್ನು ಹಾಕಿಸಿದವರು ಯಾರು, ಯಾವಾಗ ಎಂದು ಗಂಡನನ್ನು ಕೇಳುತ್ತಾಳೆ. ಹೆಣ್ಣಾದ್ದರಿಂದ ಅವಳಿಗೆ ಅದು ಹೊಳೆಯಿತು ಎಂದು ಬರೆದರೆ ಕಥೆ ಮತ್ತೆ ಆರನೆಯ ಇಂದ್ರಿಯಕ್ಕೇ ಮರಳುತ್ತದೆ. ಹಿಂದಿನ ಪ್ರಕರಣವೊಂದರಲ್ಲಿ ಇಂಥದೇ ಚಿಲಕವನ್ನು ಕಂಡೂ ಕೇಳದೆ ಬಿಟ್ಟವಳು ಅವಳು ಎಂದು ಬರೆದರೆ, ಅವಳಿಗೊಂದು ಅನುಭವವೂ, ಒಂದು ತಪ್ಪೂ, ಈ ಪ್ರಶ್ನೆಗೊಂದು ಕಾರಣವೂ ದಕ್ಕುತ್ತವೆ. ಅಷ್ಟೇ ಅಲ್ಲದೆ, ಅಲ್ಲಿಯವರೆಗೆ ಬರೀ ಶವವಾಗಿದ್ದ ಹೆಂಗಸಿಗೆ ಆ ಒಂದೇ ಪ್ರಶ್ನೆಯಿಂದ ಬದುಕು ಬರುತ್ತದೆ: ಅವಳನ್ನು ಯಾರೋ ಕೂಡಿಹಾಕುತ್ತಿದ್ದರು, ಹೊರಬರಲು ಅವಳು ಏನಾದರೂ ಮಾಡಿರಲೇಬೇಕು. ಈ ಪ್ರಕಾರದಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾದ ಹೆಣ್ಣು ಪಾತ್ರವೆಂದರೆ, ನನ್ನ ಮಟ್ಟಿಗೆ, ಮೊದಲ ಪುಟದಲ್ಲೇ ಸತ್ತುಬಿದ್ದಿರುವವಳು. ಅವಳ ಗಾಯಗಳ ವರ್ಣನೆಗೆ ಪುಟಗಟ್ಟಲೆ ಮೀಸಲಿಡುವ ಲೇಖಕರು ಅವಳ ಕೆಲಸ, ಸಾಲ, ಸ್ನೇಹಗಳಿಗೆ ಒಂದು ಪ್ಯಾರಾ ಕೊಡಲು ಹಿಂಜರಿಯುತ್ತಾರೆ.

ಅಪರಾಧಿ ಹೆಣ್ಣಾದರಂತೂ ಉದ್ದೇಶ ಮೊದಲೇ ನಿಗದಿ: ಅಸೂಯೆ, ಇಲ್ಲವೇ ವಂಚಿತ ಪ್ರೇಮ. ಹಣ, ಅಧಿಕಾರ, ತಣ್ಣನೆಯ ಲೆಕ್ಕಾಚಾರಗಳೆಲ್ಲ ಗಂಡಸರ ಪಾಲಿಗೆ ಮೀಸಲು!

ಆದ್ದರಿಂದ ನಿಮ್ಮ ಪುರವಣಿಯ ವಿಮರ್ಶಕರಲ್ಲಿ ಒಂದು ವಿನಂತಿ. ‘ದಿಟ್ಟ’ ಎಂಬ ವಿಶೇಷಣ ಕೊಡುವ ಮುನ್ನ, ಯಾವ ಸುಳಿವನ್ನು ಆ ಪಾತ್ರ ಸ್ವತಃ ಕಂಡುಕೊಂಡಿತು, ಅವಳ ಯಾವ ನಿರ್ಧಾರದಿಂದ ಕಥೆ ದಿಕ್ಕು ಬದಲಿಸಿತು ಎಂಬುದನ್ನು, ರಹಸ್ಯ ಬಯಲಾಗದಂತೆ, ಒಂದೆರಡು ಸಾಲಿನಲ್ಲಿ ತಿಳಿಸಿದರೆ ಪುಸ್ತಕ ಕೊಳ್ಳುವವರಿಗೆ ಉಪಕಾರವಾದೀತು.

ವಂದನೆಗಳೊಂದಿಗೆ,
ಪತ್ತೇದಾರಿ ಸಾಹಿತ್ಯದ ಓದುಗ