ಹಿಂದಿನಿಂದ ಬರುವ ಮಾತು

ಮ್ಯಾಂಚೆಸ್ಟರಿನ ನಮ್ಮ ಕನ್ನಡ ಸಂಘದ ಈ ಕ್ರಿಸ್ಮಸ್ ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗಬೇಕು. ಇಂದು ಬುಧವಾರ. ರಾತ್ರಿ ಪಾಳಿ ಮುಗಿಸಿ, ಮಗಳನ್ನು ಶಾಲೆಗೆ ಬಿಟ್ಟು ಬಂದು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದೇನೆ. ರಾಜ್ಯೋತ್ಸವದ ಬಗ್ಗೆ ಬರೆಯಬೇಕೆಂದು ನಾಲ್ಕು ಸಾಲು ಗುರುತು ಹಾಕಿಟ್ಟಿದ್ದೆ. ಅದು ಹಾಗೇ ಉಳಿಯಿತು. ಕಳೆದ ವಾರದ ಎರಡು ಸಂಗತಿಗಳು ಮನಸ್ಸನ್ನು ಬಿಡುತ್ತಿಲ್ಲ.

ಒಂದು ನಿಮಗೆಲ್ಲ ಗೊತ್ತಿರುವುದೇ. ನಮ್ಮ ಹುಬ್ಬಳ್ಳಿ ಅಕ್ಕ ಊರಿಗೆ ಹೊರಟಿದ್ದಾರೆ, ಇನ್ನು ಅಲ್ಲೇ ಇರುತ್ತಾರೆ.

ಇನ್ನೊಂದು ಮಗಳ ಮಾತು. ಅವಳಿಗೆ ಒಂಬತ್ತು ವರ್ಷ. ನಾನು ಅಕ್ಕಿ ತೊಳೆಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ದೇವರು ದಾರಿ ತೋರಿಸಿದ ಎಂದು ನೀನು ಯಾವಾಗಲೂ ಹೇಳುತ್ತೀಯಲ್ಲ, ನಿನಗೆ ಅವನ ಮಾತು ಕೇಳಿಸುತ್ತದೆಯಾ? ಯಾವ ಭಾಷೆಯಲ್ಲಿ?" ಎಂದಳು. ನಾನು ಯೋಚಿಸದೆ "ಕನ್ನಡದಲ್ಲಿ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ" ಎಂದಳು.

ಅಕ್ಕಿ ತೊಳೆಯುವ ಕೈ ಅಲ್ಲೇ ನಿಂತಿತು. ಅವಳಿಗೆ ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ನೋಡುತ್ತೇನೆ. ನಮ್ಮ ಸಂಘದಲ್ಲಿ ಎಲ್ಲ ಬಗೆಯ ಮನೆಗಳಿವೆ. ಗಣೇಶನ ಹಬ್ಬದ ಸಂಚಿಕೆಯಲ್ಲಿ ನಿಮ್ಮ ಮನೆಯ ಮಾತನ್ನು ನಾನು ಪ್ರೀತಿಯಿಂದ ಅಚ್ಚು ಹಾಕಿದ್ದೇನೆ. ಕ್ರಿಸ್ಮಸ್ ಸಂಚಿಕೆಯಲ್ಲಿ ನಮ್ಮ ಮನೆಯ ಮಾತನ್ನು ನೀವು ಓದುತ್ತೀರಿ ಎಂಬ ಸಲುಗೆಯಿಂದ ಬರೆಯುತ್ತಿದ್ದೇನೆ.

ನನ್ನ ಅಜ್ಜ ಗದಗ ಸೀಮೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದರು. ಹತ್ತು ಹನ್ನೆರಡು ಮನೆಗಳ ಸಭೆ. ಡಿಸೆಂಬರ್ 24ರ ಸಂಜೆ ನಾವೆಲ್ಲ ಬೆಟಗೇರಿಯ ದೇವಾಲಯಕ್ಕೆ ಹೋಗುತ್ತಿದ್ದೆವು. ಆರಾಧನೆ ಮುಗಿದು, ಅವರಿವರ ಮನೆಯಲ್ಲಿ ಕರಚಿಕಾಯಿ, ಚಕ್ಕುಲಿ ತಿಂದು, ಹಾಡು ಹೇಳಿ ಹೊರಡುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತಿತ್ತು. ಬಸ್ ಇರುತ್ತಿರಲಿಲ್ಲ. ಮೂರು ಮೈಲಿ ಹೊಲದ ದಾರಿ. ಅವ್ವ, ಚಿಕ್ಕಮ್ಮ, ನಾನು, ತಮ್ಮ, ಚಿಕ್ಕಮ್ಮನ ಇಬ್ಬರು ಮಕ್ಕಳು, ಎಲ್ಲರೂ ಒಬ್ಬರ ಹಿಂದೆ ಒಬ್ಬರು. ಎರಡೂ ಕಡೆ ನಮ್ಮ ತಲೆಗಿಂತ ಎತ್ತರದ ಹಿಂಗಾರಿ ಜೋಳ. ಗಾಳಿ ಬೀಸಿದರೆ ಎಲೆಗಳು ಒಂದಕ್ಕೊಂದು ಉಜ್ಜಿ ಯಾರೋ ನಡೆದು ಬಂದಂತೆ ಸಪ್ಪಳವಾಗುತ್ತಿತ್ತು. ಎರೆ ಭೂಮಿ ಆಗಲೇ ಬಿರುಕು ಬಿಡಲು ಶುರುವಾಗಿರುತ್ತಿತ್ತು. ಚಪ್ಪಲಿಯ ತುದಿ ಬಿರುಕಿಗೆ ಸಿಕ್ಕರೆ ಮುಗ್ಗರಿಸುವುದೇ.

ಅಜ್ಜನ ಬಳಿ ಮೂರು ಸೆಲ್ಲಿನ ಒಂದು ಬ್ಯಾಟರಿ ಇತ್ತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಅನ್ನುತ್ತೇವೆ. ತಗಡಿನ ಮೈ, ಹಿಡಿದ ಜಾಗದಲ್ಲಿ ಬಣ್ಣ ಸವೆದು ಬೆಳ್ಳಗಾಗಿತ್ತು. ಹಬ್ಬಕ್ಕೆ ಎರಡು ದಿನ ಮುಂಚೆಯೇ ಹಳೆಯ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಬೆಳಕು ಮಂಕಾದರೆ ಅಂಗೈಗೆ ಎರಡು ಸಲ ಕುಟ್ಟುತ್ತಿದ್ದರು, ಮತ್ತೆ ಒಂದಿಷ್ಟು ಹೊತ್ತು ಉರಿಯುತ್ತಿತ್ತು.

ಬ್ಯಾಟರಿ ಹಿಡಿದವರು ಮುಂದೆ ನಡೆಯಬೇಕಲ್ಲವೇ? ಅಜ್ಜ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಹಿಂದಿನಿಂದ ಬೆಳಕು ಬಿಟ್ಟರೆ ಮುಂದಿರುವವರ ನೆರಳು ದಾರಿಯನ್ನೇ ಮುಚ್ಚುತ್ತದೆ. ಅದಕ್ಕೆ ಅವರು ಸಾಲಿನಿಂದ ಒಂದು ಹೆಜ್ಜೆ ಬದಿಗೆ ಸರಿದು, ಹೊಲದ ಅಂಚಿನಲ್ಲಿ ನಡೆಯುತ್ತ, ಬ್ಯಾಟರಿಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಹಿಡಿಯುತ್ತಿದ್ದರು. ಬೆಳಕು ನಮ್ಮ ಕಾಲುಗಳ ಪಕ್ಕದಿಂದ ಹಾದು ಮುಂದೆ ನೆಲದ ಮೇಲೆ ಬೀಳುತ್ತಿತ್ತು. ಒಮ್ಮೆ ಮುಂದಿನ ಸ್ಥಾನ ನನ್ನದಾಗಿತ್ತು. ಹೆದರಿಕೆಯಾಗಿ, "ಅಜ್ಜಾ, ನೀವು ಮುಂದೆ ಬನ್ನಿ" ಎಂದು ಕೂಗಿದೆ. ಅವರು ಹೇಳಿದ್ದು ಅಕ್ಷರಕ್ಷರ ನೆನಪಿದೆ: "ನಾನು ಮುಂದೆ ನಡೆದರೆ ನಿನಗೆ ನನ್ನ ಬೆನ್ನು ಕಾಣುತ್ತದೆ ಮಗಳೇ. ಹಿಂದೆ ಇದ್ದರೆ ನಿಮ್ಮೆಲ್ಲರ ಕಾಲು ನನಗೆ ಕಾಣುತ್ತವೆ."

ದಾರಿಯ ಮಧ್ಯೆ ಒಂದು ಹಳ್ಳ. ಆ ವರ್ಷದ ಮಳೆಗೆ ಅದರ ದಂಡೆ ಒಂದು ಕಡೆ ಕುಸಿದಿದ್ದು ನನಗೆ ಗೊತ್ತಿರಲಿಲ್ಲ. ಜೋರಾಗಿ ಅಲ್ಲ, ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಹಿಂದಿನಿಂದ "ಬಲಕ್ಕೆ" ಎಂಬ ಮಾತು ಬಂತು. ಬಲಕ್ಕೆ ಸರಿದೆ. ದಾಟಿದ ಮೇಲೆ ತಿರುಗಿ ನೋಡಿದರೆ ನಾನು ಕಾಲಿಡಲಿದ್ದ ಜಾಗದಲ್ಲಿ ನೆಲವೇ ಇರಲಿಲ್ಲ.

ಅಜ್ಜ ಹೋಗಿ ಎಷ್ಟೋ ವರ್ಷಗಳ ಮೇಲೆ, ಇಲ್ಲಿನ ಒಂದು ರಾತ್ರಿ ಪಾಳಿಯ ಬಿಡುವಿನಲ್ಲಿ, ನಮ್ಮ ಸತ್ಯವೇದದ, ಅಂದರೆ ಬೈಬಲಿನ, ಯೆಶಾಯನ ಪ್ರವಾದನೆಯ ಮೂವತ್ತನೆಯ ಅಧ್ಯಾಯ ಓದುತ್ತಿದ್ದೆ. ನೀವು ಬಲಕ್ಕಾಗಲಿ ಎಡಕ್ಕಾಗಲಿ ತಿರುಗಿಕೊಂಡರೆ, ಇದೇ ಮಾರ್ಗ, ಇದರಲ್ಲೇ ನಡೆಯಿರಿ ಎಂಬ ಮಾತು ಕಿವಿಗೆ ಬೀಳುತ್ತದೆ ಎಂದು ಅಲ್ಲಿದೆ. ಬಾಲ್ಯದಿಂದ ಕೇಳಿದ ವಚನವೇ. ಆದರೆ ಆ ಮಾತು ಎಲ್ಲಿಂದ ಬರುತ್ತದೆ ಎಂದು ಅದುವರೆಗೆ ನಾನು ಗಮನಿಸಿರಲಿಲ್ಲ. ಅದು ಮೇಲಿನಿಂದಲೂ ಬರುವುದಿಲ್ಲ, ಎದುರಿನಿಂದಲೂ ಬರುವುದಿಲ್ಲ. ನಿಮ್ಮ ಹಿಂದಿನಿಂದ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ.

ನಮ್ಮ ಭಾಷೆಯಲ್ಲಿ ಹಿಂದೆ ಎಂದರೆ ಬೆನ್ನ ಕಡೆ ಎಂದೂ ಆಗುತ್ತದೆ, ಕಳೆದ ಕಾಲ ಎಂದೂ ಆಗುತ್ತದೆ. ನನಗೆ ದೇವರ ಮಾತು ಹೆಚ್ಚಾಗಿ ಕೇಳಿಸಿದ್ದು ಈ ಎರಡೂ ಅರ್ಥದಲ್ಲಿ ಹಿಂದಿನಿಂದಲೇ. ದೇವರ ಮಾರ್ಗದರ್ಶನ ಎಂದರೆ ಮುಂದಿನ ದಾರಿಯೆಲ್ಲ ಒಮ್ಮೆಗೇ ಕಾಣುವುದು ಎಂದುಕೊಂಡು ನಾನು ಬಹಳ ವರ್ಷ ಕಾದೆ, ಕಾಣಲಿಲ್ಲ. ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ ಎಂದು ಕೀರ್ತನೆಗಾರ ಹಾಡಿದ್ದಾನೆ. ಕಾಲಿಗೆ ದೀಪ, ಒಂದು ಹೆಜ್ಜೆಯಷ್ಟು ಬೆಳಕು. ವಾರ್ಡಿನಲ್ಲಿ ನಾವು ದಾದಿಯರು ರಾತ್ರಿ ಸುತ್ತು ಹೋಗುವಾಗಲೂ ಸಣ್ಣ ಟಾರ್ಚನ್ನು ನೆಲಕ್ಕೇ ಹಿಡಿಯುತ್ತೇವೆ, ಮಲಗಿದವರ ಕಣ್ಣಿಗೆ ಬೆಳಕು ಬಡಿಯಬಾರದು ಎಂದು. ಮೈ ಬಿಸಿ ಇದೆಯೇ, ಉಸಿರು ಸರಿಯಿದೆಯೇ ನೋಡಿ ಮುಂದೆ ಹೋಗುತ್ತೇವೆ. ಯಾರೋ ಬಂದು ಹೋದದ್ದು ಬೆಳಗ್ಗೆ ಅವರಿಗೆ ಗೊತ್ತೂ ಇರುವುದಿಲ್ಲ.

ಇನ್ನು ಅಕ್ಕನ ವಿಷಯ.

2009ರ ನವೆಂಬರಿನಲ್ಲಿ ನಾನು ಒಬ್ಬಳೇ ಮ್ಯಾಂಚೆಸ್ಟರಿಗೆ ಬಂದೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೊದಲ ತಿಂಗಳು ಹೇಗೆ ಕಳೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಂಘದ ಒಂದು ಸೇರುವಿಕೆಯಲ್ಲಿ ಅಕ್ಕ ಸಿಕ್ಕರು. ಕೊರಳಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ. ಗದಗ ಎಂದೆ, ಕೈ ಹಿಡಿದುಕೊಂಡರು. ನಾಲ್ಕು ಮಾತಾಡಿದ ಮೇಲೆ, "ನೀನು ಕ್ರಿಶ್ಚಿಯನ್ ಹುಡುಗಿ, ಭಾನುವಾರ ಎಲ್ಲಿಗೆ ಹೋಗುತ್ತೀಯ?" ಎಂದು ಕೇಳಿದರು. ಎಲ್ಲಿಗೂ ಹೋಗುತ್ತಿಲ್ಲ, ದಾರಿ ಗೊತ್ತಿಲ್ಲ, ಒಬ್ಬಳೇ ಹೋಗಲು ಅಂಜಿಕೆ ಎಂದೆ. ಮುಂದಿನ ಭಾನುವಾರ ಬೆಳಗ್ಗೆ ಎಂಟೂವರೆಗೆ ಅವರು ನನ್ನ ಬಾಗಿಲಲ್ಲಿದ್ದರು. ಎರಡು ಬಸ್ ಬದಲಾಯಿಸಿ ಚರ್ಚಿಗೆ ಕರೆದುಕೊಂಡು ಹೋದರು. ನನ್ನನ್ನು ಮುಂದಿನ ಬೆಂಚಿಗೆ ಕಳುಹಿಸಿ, ತಾವು ಕೊನೆಯ ಬೆಂಚಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಆರಾಧನೆ ಮುಗಿಯುವವರೆಗೆ ಏಳಲಿಲ್ಲ. ಚೀಲದಲ್ಲಿ ನನಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೀಗೆ ನಾಲ್ಕು ಭಾನುವಾರ. ಐದನೆಯ ವಾರ, "ಇನ್ನು ನಿನಗೆ ದಾರಿ ಗೊತ್ತಾಯಿತು" ಎಂದರು.

ಆ ಚಳಿಗಾಲದಲ್ಲಿ ನನಗೆ ಏನೇನೋ ತಾನಾಗಿಯೇ ಸಿಗುತ್ತಿತ್ತು. ಸಂಘದ ಹಳೆ ಬಟ್ಟೆಗಳ ರಾಶಿಯಲ್ಲಿ ಸರಿಯಾಗಿ ನನ್ನ ಅಳತೆಯ ಕೋಟು. ಯಾರೋ ಖಾಲಿ ಮಾಡಿದ ಕೋಣೆ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಅದೃಷ್ಟ ಎಂದುಕೊಂಡೆ. ಆ ಕೋಟನ್ನು ಅಕ್ಕ ದುಡ್ಡು ಕೊಟ್ಟು ತಂದು ರಾಶಿಯಲ್ಲಿ ಸೇರಿಸಿದ್ದರು, ಕೋಣೆಗಾಗಿ ಮೂರು ಮನೆಯವರನ್ನು ಕೇಳಿದ್ದರು ಎಂದು ತಿಳಿದದ್ದು ಹನ್ನೊಂದು ವರ್ಷದ ನಂತರ, ಅದೂ ಬೇರೆಯವರ ಬಾಯಿಂದ. ಸತ್ಯವೇದದಲ್ಲಿ ರೂತಳ ಕಥೆಯಿದೆ. ಪರದೇಶದಿಂದ ಬಂದ ವಿಧವೆ, ಹೊಟ್ಟೆಪಾಡಿಗೆ ಹಕ್ಕಲು ಆಯಲು ಹೋಗುತ್ತಾಳೆ, ಯಾವ ದೇವವಾಣಿಯೂ ಅವಳಿಗೆ ಕೇಳಿಸುವುದಿಲ್ಲ. ಅವಳು ಹೊಕ್ಕ ಹೊಲ ಅವಳ ಮಾವನ ಬಂಧು ಬೋವಜನದಾಗಿರುತ್ತದೆ, ಅಷ್ಟೆ. ಅವಳಿಗಾಗಿ ಬೇಕೆಂದೇ ಒಂದಿಷ್ಟು ತೆನೆ ಬಿಟ್ಟುಬಿಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದು ಅವಳಿಗೆ ಗೊತ್ತಿಲ್ಲ. ಬಿದ್ದ ತೆನೆ ಎಂದೇ ಅವಳು ಆಯುತ್ತಾಳೆ. ನನ್ನ ಕೋಟು ಅಂಥ ತೆನೆ. ಆ ಚಳಿಗಾಲದಲ್ಲಿ ನನ್ನ ದೇವರು ನನ್ನನ್ನು ನಡೆಸಿದ್ದು ಅಕ್ಕನ ಕೈಯಿಂದ. ಹೋದ ವಾರ ಅವರಿಗೆ ಇದನ್ನು ಹೇಳಿದಾಗ, "ನನ್ನನ್ನು ನಡೆಸಿದವನು ಬಸವಣ್ಣ, ನಿನ್ನ ಯೇಸುವೂ ಜೊತೆಗಿದ್ದನೇನೋ" ಎಂದು ನನ್ನ ತಲೆ ನೇವರಿಸಿದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆದದ್ದನ್ನೆಲ್ಲ ದೇವರ ಯೋಜನೆ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸೀಮೆಗೂ ಈ ಊರಿಗೂ ನಂಟು ಹಳೆಯದು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಲ್ಲಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಇವರ ಕಣ್ಣು ಧಾರವಾಡ ಜಿಲ್ಲೆಯ ಎರೆ ಭೂಮಿಯ ಮೇಲೆ ಬಿತ್ತು. ಗದಗವೂ ಆಗ ಅದೇ ಜಿಲ್ಲೆ, ಬೇರೆಯಾದದ್ದು 1997ರಲ್ಲಿ. ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಇಲ್ಲಿಗೆ ಬಂತು, ಗಿರಣಿಯ ಬಟ್ಟೆ ಅಲ್ಲಿಗೆ ಹೋಯಿತು, ನಮ್ಮ ನೇಕಾರರ ಮಗ್ಗಗಳು ಸೊರಗಿದವು. ಆ ಹತ್ತಿ ಬಂದ ಊರಿಗೇ ನಾನೂ ಬಂದು ಅನ್ನ ತಿನ್ನುತ್ತಿದ್ದೇನೆ. ಅದಕ್ಕಾಗಿ ನೇಕಾರರ ಹಸಿವನ್ನೂ ದೇವರ ಲೆಕ್ಕಕ್ಕೆ ಬರೆಯಲು ನನ್ನ ಕೈ ಏಳುವುದಿಲ್ಲ.

ಸ್ವಂತ ಬದುಕಿನಲ್ಲೂ ಹಾಗೆಯೇ. 2020ರ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ತಮ್ಮ ಮೊಬೈಲನ್ನು ಸಮಾಧಿಯ ಬಳಿ ಹಿಡಿದುಕೊಂಡಿದ್ದ. "ಯೆಹೋವನು ನನಗೆ ಕುರುಬನು" ಎಂದು ಸಭಾಪಾಲಕರು ಓದಿದ್ದು ಗಾಳಿಯ ಸದ್ದಿನ ನಡುವೆ ತುಂಡು ತುಂಡಾಗಿ ಕೇಳಿಸಿತು. ಎಷ್ಟು ಸಲ ಹಿಂತಿರುಗಿ ನೋಡಿದರೂ ಆ ತಿರುವಿನಲ್ಲಿ ನನಗೆ ಇಂದಿಗೂ ಬೆಳಕು ಕಾಣುವುದಿಲ್ಲ. ಕಂಡಿದೆ ಎಂದು ಮಗಳಿಗೆ ಸುಳ್ಳು ಹೇಳಲಾರೆ. ಕುರಿ ಹಿಂಡು ಸಾಗುವಾಗ ಹಿಂದೆಯೂ ಒಬ್ಬ ಕುರುಬ ಇರುತ್ತಾನೆ, ನಡೆಯಲಾರದ ಮರಿಯನ್ನು ಎತ್ತಿಕೊಳ್ಳುವವನು ಅವನೇ. ಆ ತಿಂಗಳುಗಳಲ್ಲಿ ನಾನು ನಡೆದ ನೆನಪಿಲ್ಲ. ಆದರೂ ಈಚೆಗೆ ಬಂದಿದ್ದೇನೆ.

ಹೊತ್ತಾಯಿತು, ಸಂಘದ ಸೂಚನೆಗಳನ್ನು ಬರೆದುಬಿಡುತ್ತೇನೆ.

ಡಿಸೆಂಬರಿನ ಎರಡನೆಯ ಶನಿವಾರ ಕ್ರಿಸ್ಮಸ್ ಕೂಟ, ಎಂದಿನ ಸಭಾಂಗಣದಲ್ಲೇ, ಸಂಜೆ ನಾಲ್ಕಕ್ಕೆ. ಅಲ್ಲಿನ ಅಡುಗೆಮನೆಯಲ್ಲಿ ಎಣ್ಣೆಯಲ್ಲಿ ಕರಿಯಲು ಅನುಮತಿ ಇಲ್ಲ, ಕರಚಿಕಾಯಿ ಮನೆಯಿಂದಲೇ ಬರಬೇಕು. ಕನ್ನಡದ ಹಾಡುಗಳ ಅಭ್ಯಾಸ ಪ್ರತಿ ಗುರುವಾರ ಏಳಕ್ಕೆ ನಮ್ಮ ಮನೆಯಲ್ಲಿ, ಗಂಡು ದನಿಗಳು ಕಡಿಮೆ ಇವೆ, ದಯವಿಟ್ಟು ಬನ್ನಿ. ಸಂಕ್ರಾಂತಿ ಕೂಟ ಜನವರಿಯ ಮೂರನೆಯ ಶನಿವಾರ. ಕುಸುರೆಳ್ಳು ಮಾಡಲು ಬರುವವರು ಮೊದಲೇ ತಿಳಿಸಿ, ಅಕ್ಕ ಇಲ್ಲದ ಮೊದಲ ವರ್ಷ ಇದು. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಯವರಿಗೆ ತಲುಪಿಸಿ. ಮಕ್ಕಳ ಕನ್ನಡ ತರಗತಿ ಶಿಕ್ಷಕರಿಲ್ಲದೆ ಸೆಪ್ಟೆಂಬರಿನಿಂದ ನಿಂತಿದೆ. ವಾರಕ್ಕೆ ಒಂದು ಗಂಟೆ ಕೊಡುವವರು ಒಬ್ಬರು ಸಿಕ್ಕರೆ ಸಾಕು. ಅರ್ಧ ಮಾತ್ರ ಅರ್ಥವಾಗುತ್ತದೆ ಎಂದು ನನ್ನ ಮಗಳೊಬ್ಬಳೇ ಹೇಳುತ್ತಿಲ್ಲ, ನಿಮ್ಮ ಮನೆಯಲ್ಲೂ ಕೇಳಿ ನೋಡಿ.

ಯುಗಾದಿ ಸಂಚಿಕೆಯ ಪುಟ ಜೋಡಿಸಲು, ಕರಡು ತಿದ್ದಲು ನನಗೆ ಜೊತೆ ಬೇಕು. ಪಾಳಿಯ ಕೆಲಸದ ನಡುವೆ ಒಬ್ಬಳಿಂದ ಇನ್ನು ಆಗುತ್ತಿಲ್ಲ. ಹೊಸದಾಗಿ ಬರುವವರ ಮನೆಗೆ ಮೊದಲ ವಾರ ಹೋಗಿ ಬರುವ ಕೆಲಸವನ್ನು ಅಕ್ಕ ಯಾರೂ ಹೇಳದೆ ಇಷ್ಟು ವರ್ಷ ಮಾಡಿದರು. ಈ ತಿಂಗಳು ಮೂರು ಕುಟುಂಬಗಳು ಬಂದಿವೆ, ಇಬ್ಬರು ಹುಡುಗಿಯರು ಒಬ್ಬೊಬ್ಬರೇ ಇದ್ದಾರೆ. ಒಬ್ಬಳ ಮನೆಗೆ ನಾನು ಹೋಗುತ್ತೇನೆ. ಇನ್ನೊಬ್ಬಳ ಮನೆಗೆ ಯಾರು?

ಅಕ್ಕನನ್ನು ಬೀಳ್ಕೊಡುವ ಊಟ ಈ ಭಾನುವಾರ ಮಧ್ಯಾಹ್ನ. ಸೋಮವಾರ ನಸುಕಿನ ಐದಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ನಾಲ್ಕು ಪೆಟ್ಟಿಗೆ, ಒಂದು ರೊಟ್ಟಿಯ ಹಂಚು. ಹಂಚನ್ನು ಇಲ್ಲೇ ಬಿಟ್ಟುಹೋಗಲು ಅವರು ಒಪ್ಪುತ್ತಿಲ್ಲ. ಒಂದು ಕಾರು ನಮ್ಮದಿದೆ, ಇನ್ನೊಂದು ಬೇಕು. ಅಕ್ಕನನ್ನು ನಿಮ್ಮ ಕಾರಿನಲ್ಲಿ ಮುಂದೆ ಕರೆದುಕೊಂಡು ಹೋಗಿ. ಪೆಟ್ಟಿಗೆಗಳನ್ನು ತುಂಬಿಕೊಂಡು ನಾನು ಹಿಂದೆ ಬರುತ್ತೇನೆ.