ಮಗನನ್ನು ಮದ್ರಾಸಿಗೆ ಕಳಿಸುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ನಿನ್ನ ಫೋನ್ ಬಂದಾಗ ಮಳೆಗೆ ಕರೆಂಟ್ ಹೋಗಿತ್ತು, ಸಿಗ್ನಲ್ ಕೂಡ ಸರಿಯಿರಲಿಲ್ಲ. 'ಮಗ', 'ಐಐಟಿ', 'ಮದ್ರಾಸ್' ಎಂಬ ಮೂರು ಮಾತು ಮಾತ್ರ ಕಿವಿಗೆ ಬಿದ್ದವು. ಅಷ್ಟೇ ಸಾಕಾಯಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದೆ, ಇವಳು ಆ ಹೊತ್ತಿನಲ್ಲೇ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಿನ್ನ ಮಗ ನಮ್ಮ ಅಂಗಳದಲ್ಲಿ ಆಡಿ ಬೆಳೆದವನು. ನಮ್ಮ ಮನೆಗೇ ಸೀಟು ಸಿಕ್ಕಷ್ಟು ಸಂತೋಷವಾಗಿದೆ.

ಬೆಳಗ್ಗೆ ನಿನ್ನ ಸಂದೇಶ ಓದಿದೆ. 'ನೀನು ಒಬ್ಬಳನ್ನು ಕಳಿಸಿ ಪಳಗಿದವನು, ಏನೇನು ತಯಾರಿ ಮಾಡಬೇಕು ಬರೆ' ಎಂದಿದ್ದೀಯ. ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ಇಬ್ಬರು ಮೂವರು ಕೇಳಿದ್ದಾರೆ. ಹಾಗಾಗಿ ಈ ಪತ್ರವನ್ನು ಎಲ್ಲರೂ ಓದುವಂತೆ ಇಲ್ಲೇ ಹಾಕುತ್ತಿದ್ದೇನೆ. ಮಗಳ ವಿಷಯವೂ ಇದರಲ್ಲಿ ಬರುವುದರಿಂದ ಅವಳಿಗೆ ಓದಿ ಹೇಳಿ, ಅವಳು ಒಪ್ಪಿದ ಮೇಲೆಯೇ ಹಾಕಿದ್ದೇನೆ.

ತಡವಾಗುವ ಮುನ್ನ ಒಂದು ಮಾತು. ಫ್ಲೆಕ್ಸ್ ಹಾಕಿಸಬೇಡ.

ನೀನು ಹಾಕಿಸದಿದ್ದರೂ ಊರಿನವರು ಬರುತ್ತಾರೆ, ಸಂಘದವರು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಕೈಮುಗಿದು, ಸದ್ಯಕ್ಕೆ ಬೇಡ, ಓದು ಮುಗಿಸಿ ಬರಲಿ ಎನ್ನು. 2023ರಲ್ಲಿ ಮಗಳಿಗೆ ಅದೇ ಐಐಟಿಯಲ್ಲಿ ಸೀಟು ಸಿಕ್ಕಾಗ ನಾನು ಬೇಡವೆನ್ನಲಿಲ್ಲ. ನಮ್ಮ ಸರ್ಕಲ್ಲಿನಲ್ಲಿ ಅವಳ ಎರಡಾಳೆತ್ತರದ ಚಿತ್ರ ನಿಂತಿತು. ಶಾಲು, ಹಣ್ಣಿನ ಬುಟ್ಟಿ, ಮೂರು ಕಡೆ ಸನ್ಮಾನ. ಪ್ರತಿಯೊಬ್ಬರೂ ಮೈಕ್ ಹಿಡಿದು 'ಊರಿನ ಹೆಸರು ಉಳಿಸಮ್ಮಾ' ಎಂದರು. ಹದಿನೆಂಟು ವರ್ಷದ ಹುಡುಗಿ ಅದನ್ನೆಲ್ಲ ಹೊತ್ತುಕೊಂಡು ಹೋದಳು. ಆಗ ನನಗೆ ಅದು ಭಾರವೆಂದು ತೋರಲೇ ಇಲ್ಲ.

ಅಲ್ಲಿ ಒಂದೊಂದು ವಿಷಯಕ್ಕೂ ಸೆಮಿಸ್ಟರಿನ ನಡುವೆ 'ಕ್ವಿಜ್' ಎಂಬ ಪರೀಕ್ಷೆಗಳಿರುತ್ತವೆ. ಮೊದಲ ಗಣಿತದ ಕ್ವಿಜ್‌ನಲ್ಲಿ ಅವಳಿಗೆ ಇಪ್ಪತ್ತಕ್ಕೆ ಆರು ಬಂತು. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದ ಹುಡುಗಿ. ಅವತ್ತೇ ಸಂಜೆ ಫೋನ್ ಮಾಡಿ, 'ಅಪ್ಪಾ, ಸ್ವಲ್ಪ ಕಡಿಮೆ ಬಂದಿದೆ' ಎಂದಳು. ನಾನು ಎಷ್ಟು ಎಂದು ಕೇಳಿದೆ. ಹೇಳಿದಳು. ನಾನು, 'ಅಷ್ಟು ದೂರ ಹೋಗಿದ್ದು ಇದಕ್ಕಾ?' ಎಂದುಬಿಟ್ಟೆ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನ ಬಾಯಲ್ಲಿ ಆ ಮಾತು ಬಂತು. ಆಮೇಲೆ ಎರಡು ತಿಂಗಳು ಫೋನ್ ಬರುತ್ತಿತ್ತು, ಆದರೆ ಊಟ ಆಯಿತು, ಆರೋಗ್ಯ ಸರಿಯಿದೆ, ಇಡುತ್ತೇನೆ, ಇಷ್ಟೇ. ಓದಿನ ಸುದ್ದಿಯೇ ಇಲ್ಲ. ನಾನು ಅದನ್ನು ಚೆನ್ನಾಗಿ ಓದುತ್ತಿದ್ದಾಳೆ ಎಂದು ತಿಳಿದುಕೊಂಡೆ.

ಡಿಸೆಂಬರಿನಲ್ಲಿ ರಜೆಗೆ ಬಂದಳು. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಊಟ ಮುಗಿಸಿ ಅಮ್ಮನ ಪಕ್ಕದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಳು. ಆ ಕೆಲಸ ನಿನಗೂ ಗೊತ್ತು, ಕಣ್ಣು ಕತ್ತಿಯ ಮೇಲೆ ಇರಬೇಕು, ಎದುರಿನವರ ಮುಖ ನೋಡಬೇಕಾಗಿಲ್ಲ. ಬಹುಶಃ ಅದಕ್ಕೇ ಬಾಯಿ ಬಿಡಲು ಸುಲಭವಾಯಿತು. ಒಂದೊಂದೇ ಕಾಯಿಯ ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುತ್ತಾ, ತಲೆ ಎತ್ತದೆಯೇ ಎಲ್ಲವನ್ನೂ ಹೇಳಿದಳು. ತರಗತಿಯಲ್ಲಿ ಅರ್ಥವಾಗದೆ ಸುಮ್ಮನೆ ಕುಳಿತದ್ದು, ಸಂದೇಹ ಕೇಳಲು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದದ್ದು, ರಾತ್ರಿ ಹಾಸಿಗೆಯಲ್ಲಿ ಹೊದಿಕೆ ಎಳೆದುಕೊಂಡು ಅತ್ತದ್ದು. ನಾನು ಬಾಗಿಲ ಹತ್ತಿರ ನಿಂತಿದ್ದೆ. 'ಆರು ಬಂದಿದ್ದಕ್ಕೆ ಅಷ್ಟು ಅಳು ಬರಲಿಲ್ಲ ಅಮ್ಮಾ, ಸರ್ಕಲ್ಲಿನ ಆ ಫ್ಲೆಕ್ಸ್ ನೆನಪಾಗುತ್ತಿತ್ತು' ಎಂದಳು.

ಮಾರನೆಯ ಬೆಳಗ್ಗೆ ಹೋಗಿ ನೋಡಿದೆ. ಬಣ್ಣ ಹೋಗಿ ಒಂದು ಮೂಲೆ ಹರಿದು ಜೋತು ಬಿದ್ದಿದ್ದರೂ ಅದು ಅಲ್ಲೇ ಇತ್ತು. ನಾನೇ ಬಿಚ್ಚಿ ತಂದೆ.

ಆದ್ದರಿಂದ ನೀನು ಮಾಡಬೇಕಾದ ದೊಡ್ಡ ತಯಾರಿ ಇದು. ಹೊರಡುವ ಮುನ್ನ ಒಂದು ದಿನ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗು, ಏನಾದರೂ ಕೆಲಸ ಮಾಡುತ್ತಾ ಹೇಳು. ಮೊದಲ ವರ್ಷ ಅಂಕ ಕಡಿಮೆ ಬರುತ್ತದೆ, ಬರಲಿ. ಅಲ್ಲಿಗೆ ಬರುವವರೆಲ್ಲ ತಮ್ಮ ತಮ್ಮ ಶಾಲೆಯ ಮೊದಲಿಗರು, ಅವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅವರಲ್ಲೂ ಒಬ್ಬ ಹಿಂದೆ ಉಳಿಯಲೇಬೇಕು. ಅದು ನೀನಾದರೆ ಮೊದಲು ನನಗೆ ಫೋನ್ ಮಾಡು, ನಾನು ಬೈಯುವುದಿಲ್ಲ. ಇಷ್ಟು ಹೇಳು. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡ. ಅತ್ತಿಗೆಗೂ ಹೇಳಿಡು, ಅಜ್ಜನಿಗೂ ಹೇಳಿಡು. ಕೆಟ್ಟ ಸುದ್ದಿಗೂ ಮನೆಯ ಬಾಗಿಲು ತೆರೆದಿದೆ ಎಂದು ಹುಡುಗನಿಗೆ ಖಾತ್ರಿಯಾಗಬೇಕು.

ಇನ್ನೊಂದು ವಿಷಯ. 'ಎರಡು ವರ್ಷ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದವನು, ಹೊರಗಿರುವುದು ಅವನಿಗೆ ಅಭ್ಯಾಸವಾಗಿದೆ' ಎಂದು ಬರೆದಿದ್ದೀಯ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಪಿಯು ಹಾಸ್ಟೆಲಿನ ಬದುಕು ಬೇರೆ. ಬೆಳಗ್ಗೆ ಗಂಟೆ ಹೊಡೆದು ಎಬ್ಬಿಸುತ್ತಾರೆ, ಓದುವ ಹೊತ್ತಿಗೆ ಕೂರಿಸುತ್ತಾರೆ, ಮೊಬೈಲ್ ಕಸಿದಿಟ್ಟುಕೊಳ್ಳುತ್ತಾರೆ, ಭಾನುವಾರ ಪರೀಕ್ಷೆ ಬರೆಸುತ್ತಾರೆ. ಐಐಟಿಯಲ್ಲಿ ಯಾರೂ ಎಬ್ಬಿಸುವುದಿಲ್ಲ. ರಾತ್ರಿ ಮೂರರವರೆಗೆ ಎಚ್ಚರವಿದ್ದರೂ ಕೇಳುವವರಿಲ್ಲ. ಮದ್ರಾಸಿನಲ್ಲಿ ಶೇ. 85 ಹಾಜರಾತಿ ಬೇಕೆಂಬ ನಿಯಮವಿದೆ, ಕಡಿಮೆಯಾದರೆ ಆ ವಿಷಯಕ್ಕೆ 'ಡಬ್ಲ್ಯು' ಎಂಬ ದರ್ಜೆ ಬೀಳುತ್ತದೆ, ಪರೀಕ್ಷೆಗೆ ಕೂರುವಂತಿಲ್ಲ. ಎಂಟು ಗಂಟೆಯ ತರಗತಿಗೆ ತಾನೇ ಎದ್ದು ಹೋಗುವುದು ಒಂದು ವಿದ್ಯೆ, ಅದನ್ನು ಇದುವರೆಗೆ ಯಾರೂ ಅವನಿಗೆ ಕಲಿಸಿಲ್ಲ.

ಹಾಗಾಗಿ ಈಗ ಉಳಿದಿರುವ ಮೂರು ವಾರ ಅವನನ್ನು ಎಬ್ಬಿಸಬೇಡಿ. ಏಳಲಿ, ತಡವಾದರೆ ತಿಂಡಿ ತಣ್ಣಗಾಗಲಿ. ಅವನ ಬಟ್ಟೆ ಅವನೇ ಒಗೆಯಲಿ. ಸಾಗರಕ್ಕೆ ಬಂದು ಬ್ಯಾಂಕಿನ ಸಾಲಿನಲ್ಲಿ ಅವನೇ ನಿಲ್ಲಲಿ, ನೀನು ಹೊರಗೆ ಕುಳಿತಿರು. ರೈಲಿನ ಟಿಕೆಟ್ ಅವನ ಕೈಯಲ್ಲೇ ಮಾಡಿಸು. ನಿನಗೆ ಕಷ್ಟವಾಗುತ್ತದೆ, ಗೊತ್ತು. ಹತ್ತು ವರ್ಷದಿಂದ ಅವನ ಶುಲ್ಕ, ಅರ್ಜಿ, ಪ್ರವೇಶಪತ್ರ ಎಲ್ಲವನ್ನೂ ನೀನೇ ಓಡಾಡಿ ಮಾಡಿದ್ದೀಯ. ಇನ್ನು ಆ ಓಡಾಟ ಅವನದು.

ದುಡ್ಡಿನ ವಿಷಯ ಗಮನವಿಟ್ಟು ಓದು, ಇದರಲ್ಲಿ ನಮ್ಮ ಕಡೆಯವರು ಗೊತ್ತಿಲ್ಲದೆ ಕಳೆದುಕೊಳ್ಳುತ್ತಾರೆ. ಐಐಟಿಗಳಲ್ಲಿ ಬಿ.ಟೆಕ್. ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ ರೂಪಾಯಿ ಎಂದು 2016ರಲ್ಲಿ ನಿಗದಿಯಾಯಿತು. ಆದರೆ ಎಲ್ಲರೂ ಅಷ್ಟನ್ನೂ ಕಟ್ಟಬೇಕಾಗಿಲ್ಲ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮನ್ನಾ, 1ರಿಂದ 5 ಲಕ್ಷದ ಒಳಗಿದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಮತ್ತು ಅಂಗವಿಕಲ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ. ನಿನ್ನ ತೋಟದ ಆದಾಯಕ್ಕೆ ಎರಡನೆಯದು ಸಿಗಬೇಕು. ನಾಳೆಯೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕು. ಹಾಸ್ಟೆಲ್ ಮತ್ತು ಮೆಸ್ಸಿನ ಖರ್ಚು ಬೇರೆ, ಅದು ಈ ಮನ್ನಾದಲ್ಲಿ ಸೇರುವುದಿಲ್ಲ.

ಸಾಲ ಬೇಕಾದರೆ ತೋಟ ಅಡ ಇಡಲು ಹೋಗಬೇಡ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಕೊಡಬೇಕೆಂಬುದು ಆ ಯೋಜನೆ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3ರಷ್ಟು ನೆರವೂ ಇದೆ. ನನ್ನ ಕಾಲಕ್ಕೆ ಇದಿರಲಿಲ್ಲ. ಒಂದು ಬ್ಯಾಂಕಿನಲ್ಲಿ ಪಹಣಿ ತಾ, ಜಾಮೀನಿಗೆ ಇಬ್ಬರನ್ನು ಕರೆತಾ ಎಂದು ಆರು ಸಲ ಅಲೆಸಿದರು. ನಿನಗೂ ಹಾಗೆ ಹೇಳಿದರೆ ಯೋಜನೆಯ ಹೆಸರು ಹೇಳಿ ಕೇಳು, ತಲೆ ತಗ್ಗಿಸಬೇಡ.

ಸಾಮಾನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಲ್ಯಾಪ್‌ಟಾಪನ್ನು ಈಗಲೇ ಕೊಳ್ಳಬೇಡ, ಹೋದ ಮೇಲೆ ಅವನ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತೆಗೆದುಕೊಳ್ಳಲಿ. ಕ್ಯಾಂಪಸ್ ದೊಡ್ಡದು, ಗಿಂಡಿಯ ರಾಷ್ಟ್ರೀಯ ಉದ್ಯಾನದ ಅಂಚಿಗೇ ಇದೆ, ಸೈಕಲ್ ಬೇಕೇ ಬೇಕು, ಅದೂ ಅಲ್ಲೇ ಸಿಗುತ್ತದೆ. ರಸ್ತೆಯ ಪಕ್ಕದಲ್ಲೇ ಜಿಂಕೆಗಳು ಮೇಯುತ್ತಿರುತ್ತವೆ, ಕೃಷ್ಣಮೃಗವೂ ಇದೆ. ಕೋತಿಗಳ ಕಾಟವೂ ಇದೆ, ಹಲಸಿನ ಹಪ್ಪಳದ ಕಟ್ಟನ್ನು ಕಿಟಕಿಯ ಹತ್ತಿರ ಇಡಬಾರದೆಂದು ಅತ್ತಿಗೆ ಅವನಿಗೆ ಹೇಳಲಿ. ಕಂಬಳಿ ಬೇಡ, ಸೆಕೆಯ ಊರು. ನಮ್ಮ ಮಳೆ ಬಿಡುವ ಹೊತ್ತಿಗೆ, ಅಕ್ಟೋಬರಿನಲ್ಲಿ, ಅಲ್ಲಿ ಮಳೆ ಹಿಡಿಯುತ್ತದೆ. ಆದ್ದರಿಂದ ಕೊಡೆ ಇಲ್ಲಿಂದಲೇ ಹೋಗಲಿ.

ನಮ್ಮ ಅಮ್ಮನ ಮಾತೊಂದನ್ನು ಹೇಳಬೇಕು. ಅಲ್ಲಿನ ಹಾಸ್ಟೆಲುಗಳಿಗೆಲ್ಲ ನದಿಗಳ ಹೆಸರು. ಕಾವೇರಿ, ಗೋದಾವರಿ, ನರ್ಮದಾ, ಬ್ರಹ್ಮಪುತ್ರಾ, ಹೀಗೆ. ಮಗಳಿಗೆ ಸಿಕ್ಕಿದ್ದು ಶರಾವತಿ. ಅಮ್ಮ ಆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯವಳು. ಅವಳ ತವರುಮನೆ, ಗದ್ದೆ, ಕೊಟ್ಟಿಗೆ, ಬಾವಿಕಟ್ಟೆ ಎಲ್ಲವೂ 1964ರ ಸುಮಾರಿಗೆ ನೀರಿನಡಿಗೆ ಹೋದವು. ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋದರೆ ಇವತ್ತಿಗೂ ಅವಳು ಮಾತಾಡುವುದಿಲ್ಲ. ಮೊಮ್ಮಗಳು ಫೋನಿನಲ್ಲಿ 'ಅಜ್ಜಿ, ನನ್ನ ಹಾಸ್ಟೆಲಿನ ಹೆಸರು ಶರಾವತಿ' ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಮನೆ ತೆಗೆದುಕೊಂಡವಳು ನಿನಗೊಂದು ಕೋಣೆ ಕೊಟ್ಟಳಲ್ಲ, ಚೆನ್ನಾಗಿ ನೋಡಿಕೊಳ್ಳಲಿ' ಎಂದಳು. ನಾವು ಬಿಡಲು ಹೋದಾಗ ಇವಳು ಬರಿಯ ಮಂಚದ ಮೇಲೆ ಅಮ್ಮ ಕೊಟ್ಟಿದ್ದ ಹಳೆಯ ಸೀರೆಯ ಕೌದಿ ಹಾಸಿದಳು. ಅದೇ ಕೋಣೆಗೆ ಬಂದ ಇನ್ನೊಬ್ಬ ಹುಡುಗಿಯ ತಾಯಿ ತೆಲುಗಿನವರು. ಇವಳಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಉಪ್ಪಿನಕಾಯಿಯ ಡಬ್ಬಿ ತೆರೆದು ಒಬ್ಬರದನ್ನೊಬ್ಬರು ನೆಕ್ಕಿ ನೋಡಿದರು, ಅರ್ಧರ್ಧ ಹಂಚಿಕೊಂಡರು. ಅಲ್ಲಿಂದ ಹೊರಡುವ ಹೊತ್ತಿಗೆ ಅವರು ಮಗಳ ತಲೆ ನೇವರಿಸಿ ಏನೋ ಹೇಳಿದರು, ಇವಳು ಅವರ ಮಗಳ ತಲೆ ನೇವರಿಸಿದಳು.

ಬಿಡಲು ಹೋದಾಗ ನೀವೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲಬೇಡಿ. ನೀವಿದ್ದಷ್ಟು ದಿನ ಅವನು ಕೋಣೆಯವರ ಜೊತೆ ಮಾತಾಡುವುದಿಲ್ಲ.

ಬರೆಯಬೇಕೋ ಬೇಡವೋ ಎಂದು ಯೋಚಿಸಿ ಇದನ್ನೂ ಬರೆಯುತ್ತಿದ್ದೇನೆ. ದೊಡ್ಡ ಸಂಸ್ಥೆಗಳಿಂದ ಆಗಾಗ ಎದೆ ಒಡೆಯುವ ಸುದ್ದಿ ಬರುತ್ತದೆ, ನೀನೂ ಓದುತ್ತೀಯ. ಭಯಪಟ್ಟು ಕೂರುವುದರಿಂದ ಪ್ರಯೋಜನವಿಲ್ಲ. ಅವನ ಮೊಬೈಲಿನಲ್ಲಿ 14416 ಎಂಬ ಸಂಖ್ಯೆ ಹಾಕಿಸು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ವೈದ್ಯರ ಹತ್ತಿರ ಹೋಗುವುದು ಜ್ವರಕ್ಕೆ ಮಾತ್ರೆ ತೆಗೆದುಕೊಂಡಷ್ಟೇ ಸಹಜವೆಂದು ನಿನ್ನ ಬಾಯಿಂದಲೇ ಅವನಿಗೆ ಹೇಳು. ಬೇರೆ ಯಾರು ಹೇಳಿದರೂ ಅಪ್ಪ ಏನೆಂದುಕೊಳ್ಳುತ್ತಾನೋ ಎಂಬ ಅಳುಕು ಉಳಿದುಬಿಡುತ್ತದೆ.

ಮಗಳು ಆಮೇಲೆ ಹೇಗಾದಳು ಎಂದು ಕೇಳುತ್ತೀಯ. ಎರಡನೆಯ ಸೆಮಿಸ್ಟರಿನಲ್ಲಿ ತರಗತಿ ಮುಗಿದ ಮೇಲೆ ಮೇಷ್ಟ್ರ ಕೋಣೆಗೆ ಹೋಗಿ ಸಂದೇಹ ಕೇಳತೊಡಗಿದಳು, ತಪ್ಪು ಇಂಗ್ಲಿಷಿನಲ್ಲೇ. ಅವಳು ಈಗಲೂ ತರಗತಿಗೆ ಮೊದಲಿಗಳಲ್ಲ, ನಡುವಿನವಳು. ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಾಳೆ. ಹೋದ ತಿಂಗಳು ಒಂದು ಪ್ರಯೋಗ ಕೆಟ್ಟಿತೆಂದು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಹೇಳಿದಳು. ನನಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ, ಪೂರ್ತಿ ಕೇಳಿಸಿಕೊಂಡೆ.

ಅವಳೂ ಈ ತಿಂಗಳ ಕೊನೆಗೆ ಹೊರಡುತ್ತಾಳೆ. ತಾಳಗುಪ್ಪದ ರಾತ್ರಿ ಗಾಡಿ, ಬೆಂಗಳೂರಿನಲ್ಲಿ ಇಳಿದು ಚೆನ್ನೈ ಗಾಡಿ. ನಿಮ್ಮದೂ ಅದೇ ದಿನಕ್ಕೆ ಆದರೆ ಒಟ್ಟಿಗೆ ಹೋಗಬಹುದು, ದಾರಿಯಲ್ಲಿ ಅವನು ಕೇಳಬೇಕಾದ್ದನ್ನು ಅವಳನ್ನೇ ಕೇಳಲಿ, ನಮ್ಮಿಬ್ಬರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಹಿಂದಿನ ದಿನವೇ ಮೂವರೂ ನಮ್ಮ ಮನೆಗೆ ಬನ್ನಿ, ಇಲ್ಲಿಂದಲೇ ಸ್ಟೇಷನ್ನಿಗೆ ಹೋಗೋಣ. ಅಪ್ಪೆಮಿಡಿ ಉಪ್ಪಿನಕಾಯಿ ಅತ್ತಿಗೆ ಹಾಕುವುದು ಬೇಡವಂತೆ, ಅವನ ಪಾಲಿನ ಡಬ್ಬಿಯನ್ನು ಇವಳು ಆಗಲೇ ಕಟ್ಟಿಟ್ಟಿದ್ದಾಳೆ.

ನಿನ್ನ ಗೆಳೆಯ,
ಸಾಗರ