ರಬ್ಬರಿನ ಎದೆ ಏರಿಳಿಯುವಾಗ

ಪ್ರಿಯ ಗೆಳೆಯ,

ಜೇವರ್ಗಿ ಬಸ್ಸಿನ ಕೋಳಿಯ ಪ್ರಕರಣವನ್ನು ಎತ್ತುವುದಿಲ್ಲವೆಂದು ನಿನಗೆ ಮಾತು ಕೊಟ್ಟೇ ಈ ಪತ್ರವನ್ನು ನಾಲ್ಕು ಜನರ ಮುಂದಿಡುತ್ತಿದ್ದೇನೆ. ಕಲಬುರಗಿಯ ಬಿಸಿಲಿಗೆ ಹಗಲೆಲ್ಲ ಕದ ಮುಚ್ಚಿಕೊಂಡಿದ್ದು, ಮೊನ್ನೆ ರಾತ್ರಿ ನೀನು ಹೇಳಿದ್ದ 1925ರ ಮೂಕಿಚಿತ್ರ ‘ದಿ ಲಾಸ್ಟ್ ವರ್ಲ್ಡ್’ ನೋಡಿದೆ. ದಕ್ಷಿಣ ಅಮೆರಿಕದ ದಟ್ಟ ಕಾಡಿನಲ್ಲಿ ಡೈನೋಸಾರ್‌ಗಳು ಇನ್ನೂ ಬದುಕಿವೆಯೆಂದು ಸಾರಿ ಲಂಡನ್ನಿನಲ್ಲಿ ನಗೆಪಾಟಲಾಗುವ ಪ್ರೊಫೆಸರ್ ಚಾಲೆಂಜರ್‌ನ ಗಡ್ಡವೂ ಸಿಟ್ಟೂ ಥೇಟ್ ನಮ್ಮ ಗಣಿತದ ಮಾಸ್ತರರವೇ.

ಚಿತ್ರದ ಡೈನೋಸಾರ್‌ಗಳೆಲ್ಲ ಬೊಂಬೆಗಳೇ; ವಿಲ್ಲಿಸ್ ಓಬ್ರಿಯನ್ ಆ ಬೊಂಬೆಗಳನ್ನು ಕೂದಲೆಳೆಯಷ್ಟು ಕದಲಿಸಿ, ಒಂದು ಚಿತ್ರ ತೆಗೆದು, ಮತ್ತೆ ಕದಲಿಸಿ ನಡೆಯಿಸಿದನು. ಅವುಗಳನ್ನು ಮಾಡಿದ ಮಾರ್ಸೆಲ್ ಡೆಲ್ಗಾಡೊ ಒಳಗೆ ಗಾಳಿಚೀಲ ಇಟ್ಟಿದ್ದರಿಂದ ರಬ್ಬರಿನ ಎದೆ ಏರಿಳಿಯುತ್ತದೆ. ಚಿತ್ರ ಮುಗಿಯುವ ಮೊದಲೇ, 1922ರಲ್ಲಿ, ಮೂಲ ಕಾದಂಬರಿಕಾರ ಕಾನನ್ ಡಾಯ್ಲ್ ಇಂಥ ತುಣುಕುಗಳನ್ನು ಏನೊಂದೂ ವಿವರಿಸದೆ ನ್ಯೂಯಾರ್ಕಿನ ಜಾದೂಗಾರರಿಗೆ ತೋರಿಸಿದಾಗ, ಕಣ್ಣುಕಟ್ಟೇ ಕಸುಬಾದ ಅವರೂ ತಬ್ಬಿಬ್ಬಾದರಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಉಸಿರೇ.

ಏಕೆಂದರೆ, ಈಗೀಗ ನಾನು ರಾತ್ರಿ ಎರಡು ಸಲ ಎದ್ದು ಅಪ್ಪನ ಎದೆಯನ್ನು ನೋಡಿ ಬರುತ್ತೇನೆ. ಮಂಚ ಒಲ್ಲೆನೆಂದು ಅವರು ಮಲಗುವುದು ಶಹಾಬಾದಿ ಫರ್ಸಿಯ ಮೇಲೆ. ಆ ಕಲ್ಲು ಡೈನೋಸಾರ್‌ಗಳಿಗಿಂತಲೂ ಹಳೆಯದು. ಕಳೆದ ತಿಂಗಳು ಒಂದು ರಾತ್ರಿ ಹೊದಿಕೆ ಕದಲಲಿಲ್ಲ. ಕರೆಯಬೇಕಿತ್ತು, ಕರೆಯದೆ ಬಾಗಿಲಲ್ಲೇ ನಿಂತೆ. ಭಯಕ್ಕೂ ಮೊದಲು ಬಂದದ್ದು, ಇನ್ನು ರಾತ್ರಿ ಏಳಬೇಕಿಲ್ಲವಲ್ಲ ಎಂಬ ಹಗುರ. ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ, ಬರೆದಾಯಿತು.

“ಯಾಕೋ, ನಿದ್ದಿ ಬರವಲ್ದೇನು?” ಎಂದರು ಅಪ್ಪ, ಕಣ್ಣು ತೆರೆಯದೆಯೇ. ಫ್ಯಾನು ನೋಡಲು ಬಂದೆನೆಂದೆ. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು.

ನಿನ್ನೆ ಅವರಿಗೂ ಚಿತ್ರ ತೋರಿಸಿದೆ. ಲಂಡನ್ನಿಗೆ ತಂದ ಬ್ರಾಂಟೊಸಾರಸ್ ತಪ್ಪಿಸಿಕೊಂಡು, ಸೇತುವೆ ಮುರಿದು ಥೇಮ್ಸ್ ನದಿಗೆ ಬಿದ್ದು, ಯಾರ ಹಂಗೂ ಇಲ್ಲದಂತೆ ಈಜಿಕೊಂಡು ಹೋದುದನ್ನು ಕಂಡು, “ನಮ್ಮ ಎಮ್ಮಿಗಿಂತ ಛಲೋ ಈಜ್ತದ” ಎಂದು ತೀರ್ಪಿತ್ತರು. ನಿನ್ನ ಕೋಳಿಗೆ ಅಷ್ಟೂ ಬರುತ್ತಿರಲಿಲ್ಲ.

ಕ್ಷಮಿಸು, ಮಾತು ತಪ್ಪಿದೆ.

ನಿನ್ನ,
ಹಿಂದಿನ ಸೀಟಿನವನು